ರೈಲು ನಿಂತ ದಿನ ತಲಪಾಡಿ ದಾಟುವುದು ಹೇಗೆ?

ಬೆಳಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ನೇತ್ರಾವತಿ ಸೇತುವೆಯ ಆಸುಪಾಸಿನಲ್ಲಿ ವಿದ್ಯುತ್ ತಂತಿ ಹರಿದುಬಿದ್ದರೆ ಸಾಕು. ಕಾಞಂಗಾಡಿನಿಂದ ಮಂಜೇಶ್ವರದವರೆಗಿನ ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೊರಟವರು, ಅಂಗಡಿ ಕಚೇರಿಗಳ ನೌಕರರು ಎಲ್ಲರೂ ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಲು ಒಂದೇ ಸಲ ಹೆದ್ದಾರಿ ಬದಿಗೆ ಬಂದು ನಿಲ್ಲುತ್ತಾರೆ. ಬರುವ ಬಸ್ಸು ಹಿಂದಿನ ಊರಿನಲ್ಲೇ ತುಂಬಿರುತ್ತದೆ. ‘ಬದಲಿ ಬಸ್ ಬಿಡಿ’ ಎಂಬ ಕೂಗು ಆಗ ಏಳುತ್ತದೆ, ಸಂಜೆಗೆ ರೈಲು ಓಡಿದ ಮೇಲೆ ಅಡಗುತ್ತದೆ. ಎಷ್ಟು ಬಸ್ಸು, ಎಲ್ಲಿಂದ, ಯಾವ ಪರ್ಮಿಟ್ಟಿನಲ್ಲಿ, ಯಾರ ಖರ್ಚಿನಲ್ಲಿ ಎಂಬ ಲೆಕ್ಕಕ್ಕೆ ಮಾತ್ರ ಯಾರೂ ಕೂರುವುದಿಲ್ಲ. ಕೂತು ಲೆಕ್ಕ ಹಾಕಿದರೆ ಕೊರತೆ ಬಸ್ಸಿನದ್ದಕ್ಕಿಂತ ಮುಂಚಿತ ಒಪ್ಪಂದದ್ದು ಎಂದು ತಿಳಿಯುತ್ತದೆ.

ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದು 1907ರಲ್ಲಿ. ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿಗೆ ಹಳಿಯ ಮೇಲೆ 46 ಕಿ.ಮೀ. ನಡುವೆ ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ. ಈಗ ಜೋಡಿ ಹಳಿ, ವಿದ್ಯುತ್ ಎಂಜಿನ್. ಆಡಳಿತ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಇದನ್ನು ಯಾರೂ ಮೆಟ್ರೋ ಎನ್ನುವುದಿಲ್ಲ, ಆದರೆ ಗಡಿಯಾಚೆ ಓದಲು, ದುಡಿಯಲು, ಮದ್ದು ಮಾಡಿಸಲು ಹೋಗುವವರ ಮಟ್ಟಿಗೆ ಇದರ ಕೆಲಸ ಅದೇ. ವ್ಯತ್ಯಾಸ ಒಂದೇ, ಅದೂ ನಮಗೆ ಪ್ರತಿಕೂಲವಾದದ್ದು. ಮೆಟ್ರೋದಲ್ಲಿ ಒಂದು ಗಾಡಿ ಕೆಟ್ಟರೆ ಐದು ಹತ್ತು ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಇಲ್ಲಿ ಒಂದು ಪ್ಯಾಸೆಂಜರ್ ಗಾಡಿ ರದ್ದಾದರೆ ಆ ಹೊತ್ತಿನ ಸಾಮರ್ಥ್ಯವೇ ರದ್ದು. ಮುಂದಿನದು ದೂರದ ಎಕ್ಸ್‌ಪ್ರೆಸ್, ಅದರ ಜನರಲ್ ಡಬ್ಬಿಯ ಬಾಗಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇನ್ನೊಂದು ಸಂಗತಿ ಮೇಲ್ನೋಟಕ್ಕೆ ಕಾಣುವುದಿಲ್ಲ. ಇಲ್ಲಿನ ದಿನನಿತ್ಯದ ಪ್ರಯಾಣಿಕರಲ್ಲಿ ಬಹಳ ಮಂದಿ ದೂರದ ಗಾಡಿಗಳನ್ನೇ ಲೋಕಲ್‌ನಂತೆ ಬಳಸುತ್ತಾರೆ. 2019ರ ಆಗಸ್ಟ್ 23ರಂದು ಮಂಗಳೂರಿನ ಪಡೀಲ್ ಮತ್ತು ಕುಲಶೇಖರದ ನಡುವೆ ಗುಡ್ಡ ಜರಿದು ಕೊಂಕಣದತ್ತ ಹೋಗುವ ಹಳಿ ಮುಚ್ಚಿತು. ಸುಮಾರು ಒಂದು ವಾರ ಆ ದಾರಿಯ ಸಂಚಾರ ಅಸ್ತವ್ಯಸ್ತವಾಯಿತು, ಪಕ್ಕದಲ್ಲಿ ಹೊಸ ಹಳಿಯ ತುಂಡೊಂದನ್ನು ಹಾಕಬೇಕಾಯಿತು. ಕಾಸರಗೋಡು–ಮಂಗಳೂರು ಹಳಿಗೆ ಏನೂ ಆಗಿರಲಿಲ್ಲ. ಆದರೂ ಮುಂಬೈ ಕಡೆಯ ಗಾಡಿ ಬಾರದಿದ್ದರೆ ಕುಂಬಳೆಯವನಿಗೋ ಕಾಸರಗೋಡಿನವನಿಗೋ ಮನೆಗೆ ಹೋಗುವ ಗಾಡಿಯೂ ಇಲ್ಲ. ನಮ್ಮ ಸಂಚಾರ ನಿಲ್ಲಲು ತೊಂದರೆ ನಮ್ಮ 46 ಕಿ.ಮೀ. ಒಳಗೇ ಆಗಬೇಕೆಂದಿಲ್ಲ.

ಮಹಾನಗರಗಳು ಕಲಿತದ್ದು

2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿನ ನದಿಯಡಿಯ ಸುರಂಗಗಳಿಗೆ ಉಪ್ಪುನೀರು ತುಂಬಿಸಿತು. ಮೂರನೆಯ ದಿನ ಬ್ರೂಕ್ಲಿನ್‌ನಿಂದ ಮ್ಯಾನ್‌ಹಟನ್‌ಗೆ ಸೇತುವೆಗಳ ಮೇಲೆ ಬಸ್ಸುಗಳ ಸಾಲು ಬಿಟ್ಟರು. ಬಸ್ಸುಗಳು ನೂರಾರು ಇದ್ದವು. ಆದರೂ ಬಾರ್ಕ್ಲೇಸ್ ಸೆಂಟರ್ ಸುತ್ತ ಜನರ ಸರತಿ ಕಟ್ಟಡವನ್ನೇ ಸುತ್ತುಹಾಕಿತ್ತು. ಒಂದು ಸುರಂಗ ಗಂಟೆಗೆ ಸಾಗಿಸುವ ಜನರನ್ನು ಬಸ್ಸಿಗೆ ಹತ್ತಿಸುವಾಗ ಬಾಗಿಲೇ ಇಕ್ಕಟ್ಟಾಗುತ್ತದೆ, ರಸ್ತೆಯದು ಆಮೇಲಿನ ಮಾತು.

ಅದೇ ನಗರದ ‘ಎಲ್’ ಮಾರ್ಗದ ನದಿಯಡಿಯ ಸುರಂಗವನ್ನು ದುರಸ್ತಿಗಾಗಿ 2019ರ ಏಪ್ರಿಲ್‌ನಿಂದ 15 ತಿಂಗಳು ಪೂರ್ತಿ ಮುಚ್ಚುವ ಯೋಜನೆಯಿತ್ತು. ಸುರಂಗ ದಾಟುವವರು ದಿನಕ್ಕೆ ಎರಡು ಲಕ್ಷಕ್ಕೂ ಹೆಚ್ಚು. ಕೊನೆಗೆ ಆ ಯೋಜನೆ ಕೈಬಿಟ್ಟು ರಾತ್ರಿ ಮತ್ತು ವಾರಾಂತ್ಯಗಳಲ್ಲಿ ಕೆಲಸ ಮಾಡಿ 2020ರ ಏಪ್ರಿಲ್‌ನಲ್ಲಿ ಮುಗಿಸಿದರು. ಮುಚ್ಚುವುದಾಗಿದ್ದರೆ ಏನು ಮಾಡಬೇಕೆಂದು ಹಾಕಿದ್ದ ಲೆಕ್ಕ ಇಂದಿಗೂ ಓದುವಂಥದ್ದು. ಅದರ ಪ್ರಕಾರ ಬಹುಪಾಲು ಜನ ಹೋಗಬೇಕಾದದ್ದು ಬಸ್ಸಿಗಲ್ಲ, ಬೇರೆ ಸುರಂಗ ಮಾರ್ಗಗಳಿಗೆ. ಹಾಗಾಗಿ ಆ ಮಾರ್ಗಗಳ ಗಾಡಿಗಳನ್ನು ಉದ್ದ ಮಾಡುವುದು, ಮೆಟ್ಟಿಲು ಅಗಲ ಮಾಡುವುದು ಮೊದಲ ಕೆಲಸವಾಗಿತ್ತು. ಬಸ್ಸು, ದೋಣಿ, ಸೈಕಲ್ ಉಳಿದ ಪಾಲಿಗೆ. ರೈಲಿಗೆ ನಿಜವಾದ ಬದಲಿ ಇನ್ನೊಂದು ರೈಲೇ.

ಬಾಸ್ಟನ್ ಬೇರೆ ದಾರಿ ಹಿಡಿಯಿತು. ಆರೆಂಜ್ ಲೈನನ್ನು 2022ರ ಆಗಸ್ಟ್ 19ರಿಂದ 30 ದಿನ ಪೂರ್ತಿ ನಿಲ್ಲಿಸಿತು. ದಿನಕ್ಕೆ ಸುಮಾರು 1 ಲಕ್ಷ ಪ್ರಯಾಣಿಕರ ಮಾರ್ಗ ಅದು. ಖಾಸಗಿ ಕಂಪನಿಯಿಂದ 200ರಷ್ಟು ಬಸ್ಸು ಗೊತ್ತುಮಾಡಿ, ರಸ್ತೆಯಲ್ಲಿ ಬಸ್ಸಿಗೆಂದೇ ಪಟ್ಟಿ ಬಳಿದು, ನಗರದ ಸುತ್ತಿನ ದೂರದ ರೈಲುಗಳಲ್ಲಿ ಮೆಟ್ರೋ ಕಾರ್ಡು ತೋರಿಸಿದರೆ ಸಾಕು ಎಂದು ಸಾರಿತು. ಈ ಕೊನೆಯದಕ್ಕೆ ಖರ್ಚು ತೀರ ಕಡಿಮೆ, ಉಪಯೋಗ ದೊಡ್ಡದು. ನಮ್ಮಲ್ಲಿ ಇದನ್ನೇ ಮಾಡಲಾಗುತ್ತಿಲ್ಲ.

ವಾಷಿಂಗ್ಟನ್‌ನದ್ದು ಗಾಡಿಗಳ ಕಥೆ. 2021ರ ಅಕ್ಟೋಬರ್‌ನಲ್ಲಿ ಒಂದು ಗಾಡಿ ಹಳಿ ತಪ್ಪಿದಾಗ, ಅಚ್ಚಿನ ಮೇಲೆ ಚಕ್ರಗಳು ಜರುಗುತ್ತಿದ್ದುದು ಪತ್ತೆಯಾಯಿತು. ಅದೇ ಮಾದರಿಯ 748 ಡಬ್ಬಿಗಳನ್ನು ಒಟ್ಟಿಗೆ ಸೇವೆಯಿಂದ ತೆಗೆದರು. ಇದ್ದ ಡಬ್ಬಿಗಳಲ್ಲಿ ಅದು ಸುಮಾರು ಶೇ. 60. ಹಳಿ, ಸಿಗ್ನಲ್, ವಿದ್ಯುತ್ ಎಲ್ಲ ಸರಿಯಿದ್ದೂ ಓಡಿಸಲು ಗಾಡಿಯಿಲ್ಲ. ಒಂದೇ ಮಾದರಿಯನ್ನು ನೆಚ್ಚಿದರೆ ಆಗುವ ಹಾನಿ ಇದು. ಹಳೆಯ ಡಬ್ಬಿಗಳ ಪ್ಯಾಸೆಂಜರ್ ಗಾಡಿ ತೆಗೆದು ಎಲ್ಲವನ್ನೂ ಮೆಮು (ಬೇರೆ ಎಂಜಿನ್ ಇಲ್ಲದೆ ತಾನೇ ಓಡುವ ವಿದ್ಯುತ್ ಗಾಡಿ) ಮಾಡಿ ಎಂದು ಒತ್ತಾಯಿಸುವವರು ಇದನ್ನು ನೆನಪಿಡಬೇಕು. ಮೆಮು ಬೇಗ ಏರುವ, ಬೇಗ ನಿಲ್ಲುವ ಒಳ್ಳೆಯ ಗಾಡಿ, ಆದರೆ ತಂತಿಯಲ್ಲಿ ವಿದ್ಯುತ್ ಇಲ್ಲದಾಗ ಅದು ಹಳಿಯ ಮೇಲಿನ ಗೋಡೆ.

ನಮಗೆ ಹತ್ತಿರದ ಬೆಂಗಳೂರಿನಲ್ಲಿ 2018ರ ಡಿಸೆಂಬರ್ ಕೊನೆಗೆ ಟ್ರಿನಿಟಿ ಬಳಿಯ ಕಂಬದ ಕಾಂಕ್ರೀಟ್ ದುರಸ್ತಿಗಾಗಿ ಎಂ.ಜಿ. ರಸ್ತೆ–ಇಂದಿರಾನಗರ ನಡುವೆ ನೇರಳೆ ಮಾರ್ಗ ನಿಲ್ಲಿಸಿದಾಗ ಆ ತುಂಡಿಗಷ್ಟೇ ಬಿಎಂಟಿಸಿ ಬಸ್ಸು ಓಡಿದವು. ಎರಡೂ ಬದಿಯಲ್ಲಿ ಮೆಟ್ರೋ ಓಡುತ್ತಲೇ ಇತ್ತು. 2023ರ ಅಕ್ಟೋಬರ್ 3ರಂದು ರಾಜಾಜಿನಗರದ ಹತ್ತಿರ ಹಳಿ ಮತ್ತು ರಸ್ತೆ ಎರಡರಲ್ಲೂ ಓಡುವ ದುರಸ್ತಿ ವಾಹನ ಹಳಿ ತಪ್ಪಿ ಸಿಕ್ಕಿಕೊಂಡಾಗ ಹಸಿರು ಮಾರ್ಗದ ಆ ಭಾಗದಲ್ಲಿ ಉಳಿದ ಒಂದೇ ಹಳಿಯ ಮೇಲೆ ಎರಡೂ ದಿಕ್ಕಿನ ಗಾಡಿ ಬಿಟ್ಟರು. ತುಂಡಾದ ಜಾಗವನ್ನು ಆದಷ್ಟು ಚಿಕ್ಕದು ಮಾಡು, ಉಳಿದ ಹಳಿಯನ್ನು ಬಿಡಬೇಡ: ಇವೆರಡೂ ಕಾಸರಗೋಡು ಹಳಿಗೆ ಹಾಗೆಯೇ ಅನ್ವಯಿಸುತ್ತವೆ.

ಜೋಡಿ ಹಳಿಯಲ್ಲಿ ಒಂದು ಹೋದರೆ

ಜೋಡಿ ಹಳಿಯಿದೆ, ಒಂದು ಕೆಟ್ಟರೆ ಇನ್ನೊಂದರಲ್ಲಿ ಬಿಡಬಹುದಲ್ಲ ಎಂದು ಕೇಳುವುದು ಸಹಜ. ಬಿಡಬಹುದು, ಬಿಡುತ್ತಾರೆ. ಆದರೆ ಅದು ಹೇಗೆ ನಡೆಯುತ್ತದೆಂದು ತಿಳಿದರೆ ಗಾಡಿ ಯಾಕೆ ಮುಕ್ಕಾಲು ಗಂಟೆ ಅಲ್ಲಾಡುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಕೆಟ್ಟ ಹಳಿಯ ಎರಡು ಬದಿಯ ಸ್ಟೇಶನ್ ಮಾಸ್ಟರ್‌ಗಳು ಮೊದಲು ಮಾತಾಡಿಕೊಂಡು, ಉಳಿದ ಹಳಿಯಲ್ಲಿ ಅಡ್ಡಿಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮಾಮೂಲು ದಿಕ್ಕಿಗೆ ವಿರುದ್ಧವಾಗಿ ಬರುವ ಗಾಡಿಗೆ ಅಲ್ಲಿನ ಸಿಗ್ನಲ್‌ಗಳು ಲೆಕ್ಕಕ್ಕಿಲ್ಲ, ಆದ್ದರಿಂದ ಲೋಕೋ ಪೈಲಟ್‌ಗೆ ಲಿಖಿತ ಅಧಿಕಾರಪತ್ರ ಕೊಡಬೇಕು. ಹಳಿ ಬದಲಾಯಿಸುವ ಪಾಯಿಂಟ್‌ಗಳನ್ನು ಸರಿಯಾದ ಕಡೆಗೆ ಇಟ್ಟು ಕ್ಲಾಂಪ್ ಹಾಕಿ ಬೀಗ ಜಡಿಯಬೇಕು. ಮೊದಲ ಗಾಡಿ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ. ಅದರ ಲೋಕೋ ಪೈಲಟ್ ದಾರಿಯಲ್ಲಿ ಸಿಗುವ ಗೇಟ್‌ಮ್ಯಾನ್‌ಗಳಿಗೂ ಹಳಿ ಕೆಲಸದವರಿಗೂ ಈ ಹಳಿಯಲ್ಲಿ ಇನ್ನು ಎರಡೂ ಕಡೆಯಿಂದ ಗಾಡಿ ಬರುತ್ತದೆಂದು ನಿಲ್ಲಿಸಿ ತಿಳಿಸಬೇಕು. ಹಾಗೆ ತಿಳಿಸದಿದ್ದರೆ ಒಂದೇ ದಿಕ್ಕಿಗೆ ಕಣ್ಣಿಟ್ಟು ಕೆಲಸ ಮಾಡುವವನ ಬೆನ್ನ ಹಿಂದಿನಿಂದ ಗಾಡಿ ಬರುತ್ತದೆ. ಇಷ್ಟೆಲ್ಲ ಮಾಡುವಾಗ ಹೋಗುವ ಸಮಯವನ್ನು ದೂರಲು ಬಾರದು.

ಆಮೇಲಿನ ಗಾಡಿಗಳು ಮಾಮೂಲು ವೇಗದಲ್ಲಿ ಹೋಗಬಹುದು. ಆದರೂ ಲೆಕ್ಕ ನೋಡಿ. ಎರಡು ನಿಲ್ದಾಣಗಳ ನಡುವೆ 12 ಕಿ.ಮೀ. ಎಂದುಕೊಳ್ಳೋಣ. ನಿಂತು ಹೊರಡುವುದೂ ಸೇರಿ ದಾಟಲು 15 ನಿಮಿಷ, ಕಾಗದ ಮತ್ತು ಪಾಯಿಂಟಿನ ಕೆಲಸಕ್ಕೆ 5 ನಿಮಿಷ. ಗಂಟೆಗೆ ಎರಡೂ ದಿಕ್ಕು ಸೇರಿ ಮೂರೇ ಗಾಡಿ. ಜೋಡಿ ಹಳಿಯಲ್ಲಿ ಅದೇ ಹೊತ್ತಿನಲ್ಲಿ ದಿಕ್ಕಿಗೆ ನಾಲ್ಕೈದು ಗಾಡಿ ಬಿಡಬಹುದಿತ್ತು. ಅಂದರೆ ಉಳಿಯುವುದು ಮೂರನೇ ಒಂದು ಪಾಲು. ಆ ಮೂರರಲ್ಲಿ ಯಾವುದು ಮೊದಲು? ವಂದೇ ಭಾರತ್, ಆಮೇಲೆ ಸೂಪರ್‌ಫಾಸ್ಟ್, ಆಮೇಲೆ ಉಳಿದವು. ಕಾಲೇಜಿನವರ ಪ್ಯಾಸೆಂಜರ್ ಲೂಪ್ ಲೈನಿನಲ್ಲಿ, ಅಂದರೆ ದಾರಿ ಬಿಟ್ಟು ನಿಲ್ಲುವ ಬದಿಯ ಹಳಿಯಲ್ಲಿ. ಬೆಳಗಿನ ಪ್ಯಾಸೆಂಜರ್‌ನಲ್ಲಿ ಬಹಳ ಜನ ನಿಂತುಕೊಂಡೇ ಹೋಗುತ್ತಾರೆ. ಅಡಚಣೆಯ ಹೊತ್ತಿನಲ್ಲಾದರೂ ಆದ್ಯತೆಯನ್ನು ಟಿಕೆಟಿನ ದರದಿಂದಲ್ಲ, ಒಳಗಿರುವ ತಲೆಗಳಿಂದ ಎಣಿಸಬೇಕೆಂಬುದು ನ್ಯಾಯವಾದ ಬೇಡಿಕೆ. ಇದಕ್ಕೆ ಹೊಸ ಹಳಿ ಬೇಡ, ಕಂಟ್ರೋಲ್ ರೂಮಿಗೆ ಒಂದು ಸ್ಥಾಯಿ ಆದೇಶ ಸಾಕು.

ತಂತಿ ಹರಿದಾಗಿನ ಕಥೆ ಬೇರೆ. ಹಳಿ ಎರಡಿದ್ದರೂ 25,000 ವೋಲ್ಟಿನ ತಂತಿ ಅಕ್ಕಪಕ್ಕದಲ್ಲೇ ಇದೆ. ಒಂದು ಕಡೆ ಎಂಜಿನ್ ನೆತ್ತಿಯ ಮೇಲೆ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್ ಸಿಕ್ಕಿ ತಂತಿ ಎಳೆದುಕೊಂಡರೆ ದುರಸ್ತಿಯವರು ಕೆಲಸ ಮಾಡಲು ಪಕ್ಕದ ಹಳಿಯ ವಿದ್ಯುತ್ತನ್ನೂ ಕೆಲಹೊತ್ತು ಕಡಿಯಬೇಕಾಗಬಹುದು. ತಂತಿ ದುರಸ್ತಿಯ ಟವರ್ ವ್ಯಾಗನ್ ಬರಬೇಕು, ಅದು ಬರುವ ಹಳಿಯಲ್ಲೇ ವಿದ್ಯುತ್ತಿಲ್ಲದೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಇಲ್ಲಿ ಡೀಸೆಲ್ ಎಂಜಿನ್ ಬೆಲೆ ತಿಳಿಯುತ್ತದೆ. ವಿದ್ಯುದೀಕರಣ ಆಯಿತೆಂದು ಡೀಸೆಲ್ ಎಂಜಿನ್‌ಗಳನ್ನೆಲ್ಲ ದೂರಕ್ಕೆ ಸಾಗಿಸಿದರೆ, ತಂತಿ ಕೆಟ್ಟ ದಿನ ನಿಂತ ಗಾಡಿಯನ್ನು ಹತ್ತಿರದ ನಿಲ್ದಾಣಕ್ಕೆ ಎಳೆಯಲು ಏನೂ ಇರುವುದಿಲ್ಲ. ಮಂಗಳೂರಿನಲ್ಲಿ ಒಂದು, ದಕ್ಷಿಣಕ್ಕೆ ಕಣ್ಣೂರಿನಲ್ಲಿ ಒಂದು, ಚಾಲಕ ಸಿಬ್ಬಂದಿ ಸಹಿತ ಸಿದ್ಧವಿರಬೇಕು. ಎಂಜಿನ್ ಇದ್ದು ಆ ಮಾದರಿ ಓಡಿಸಬಲ್ಲ ಲೋಕೋ ಪೈಲಟ್ ಇಲ್ಲದಿದ್ದರೆ ಅದೂ ವ್ಯರ್ಥ.

ಬಸ್ಸಿನ ಲೆಕ್ಕ

ಒಂದು ಬೆಳಗಿನ ಗಾಡಿಯಲ್ಲಿ 1,500 ಜನ ಎಂದು ಇಟ್ಟುಕೊಳ್ಳೋಣ. ಜನರಲ್ ಡಬ್ಬಿಗೆ 90ರಿಂದ 100 ಸೀಟು, ನಿಂತವರೂ ಸೇರಿದರೆ ಹದಿನೈದು ಹದಿನಾರು ಡಬ್ಬಿಗೆ ಇದು ಹೆಚ್ಚೇನಲ್ಲ. ಬಸ್ಸಿಗೆ 60 ಜನ ಎಂದರೆ 25 ಬಸ್ಸು. ಆ ಹೊತ್ತಿನಲ್ಲಿ ಗಂಟೆಗೆ ಒಂದು ಗಾಡಿ ಎಂದಾದರೆ ಗಂಟೆಗೆ 25 ಬಸ್ಸು ಹೊರಡುತ್ತಿರಬೇಕು.

ಈಗ ಒಂದು ಬಸ್ಸು ಹೋಗಿ ಬಂದು ಮತ್ತೆ ಹೊರಡಲು ಎಷ್ಟು ಹೊತ್ತು? ಕಾಸರಗೋಡಿನಿಂದ ಮಂಗಳೂರಿಗೆ ಒಂದೂವರೆ ಗಂಟೆ, ಮರಳಲು ಅಷ್ಟೇ, ಹತ್ತಿಸಿ ಇಳಿಸಲು ಅರ್ಧ ಗಂಟೆ. ಒಟ್ಟು ಮೂರೂವರೆ ಗಂಟೆ. 25ನ್ನು ಮೂರೂವರೆಯಿಂದ ಗುಣಿಸಿದರೆ 88 ಬಸ್ಸು. ಕಾಸರಗೋಡಿನಂಥ ಊರಿನಲ್ಲಿ ಬೆಳಗ್ಗೆ ಎಂಟು ಗಂಟೆಗೆ 88 ಖಾಲಿ ಬಸ್ಸು ಎಲ್ಲಿಂದ ತರುವುದು? ಆ ಹೊತ್ತಿಗೆ ಪ್ರತಿ ಡಿಪೋದ ಪ್ರತಿ ಗಾಡಿ ತನ್ನ ಟ್ರಿಪ್ಪಿನಲ್ಲಿರುತ್ತದೆ, ಶಾಲಾ ಬಸ್ಸುಗಳು ಮಕ್ಕಳನ್ನು ತುಂಬಿಕೊಂಡಿರುತ್ತವೆ. ಆಗದ ಮಾತು.

ಅದೇ ಗಾಡಿಯನ್ನು ಮಂಜೇಶ್ವರದವರೆಗೆ ತಂದು ಅಲ್ಲಿಂದ ಬಸ್ಸಿಗೆ ಹತ್ತಿಸಿದರೆ? ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು, ಹತ್ತಿಸಲು 20 ನಿಮಿಷ. ಒಟ್ಟು 110 ನಿಮಿಷ, ಬೇಕಾಗುವುದು 46 ಬಸ್ಸು. ಉಳ್ಳಾಲದವರೆಗೆ ತಂದರೆ ಸುತ್ತು 70 ನಿಮಿಷಕ್ಕೆ ಇಳಿಯುತ್ತದೆ, 29 ಬಸ್ಸು ಸಾಕು. 88 ಎಲ್ಲಿ, 29 ಎಲ್ಲಿ! ಒಂದೇ ಒಂದು ಹೊಸ ಬಸ್ಸು ಕೊಳ್ಳದೆ ಬೇಡಿಕೆಯನ್ನು ಮೂರನೇ ಒಂದಕ್ಕೆ ಇಳಿಸಬಹುದು, ಗಾಡಿಯನ್ನು ತುಂಡಾದ ಜಾಗದ ಹತ್ತಿರಕ್ಕೆ ತಂದು ಅಲ್ಲಿಂದ ಹಿಂದಕ್ಕೆ ತಿರುಗಿಸಲು ಸಾಧ್ಯವಿದ್ದರೆ.

ಆ ‘ಇದ್ದರೆ’ಯಲ್ಲಿ ಮೂರು ಬೇಡಿಕೆಗಳು ಅಡಗಿವೆ. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಲು ನಿಲ್ದಾಣದಲ್ಲಿ ಕ್ರಾಸೋವರ್ ಬೇಕು, ಅದು ಪ್ರಯಾಣಿಕರ ಗಾಡಿಯನ್ನು ಆ ದಿಕ್ಕಿಗೆ ಹೊರಡಿಸುವಂಥ ಸಿಗ್ನಲ್ ಇರುವ ಕ್ರಾಸೋವರ್ ಆಗಿರಬೇಕು. ಗಾಡಿ ನಿಂತಾಗ ಹಿಂದಿನ ಗಾಡಿಗೆ ಅಡ್ಡವಾಗದಂತೆ ಪೂರ್ತಿ ಉದ್ದದ ಲೂಪ್ ಬೇಕು. ಎಂಜಿನ್ ಎದುರಿನಿಂದ ಹಿಂದಕ್ಕೆ ಬರಬೇಕಾದ ಗಾಡಿಯಾದರೆ ಎಂಜಿನ್ ಓಡಾಡಲು ಖಾಲಿ ಹಳಿ ಬೇಕು. ಮೆಮುಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಈ ಕೊನೆಯದರ ಗೋಜಿಲ್ಲ. ಮೆಮುವನ್ನು ಮೇಲೆ ಬೈದದ್ದಕ್ಕೆ ಇಲ್ಲಿ ಅದನ್ನೇ ಹೊಗಳಬೇಕು. ಪ್ಲಾಟ್‌ಫಾರ್ಮ್ ಎತ್ತರಿಸಿ, ಶೀಟ್ ಹಾಕಿ ಎಂದು ಮನವಿ ಕೊಡುವ ಪ್ರಯಾಣಿಕರ ಸಂಘಗಳು ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಗಾಡಿ ತಿರುಗಿಸುವ ಸೌಲಭ್ಯವನ್ನು ಪಟ್ಟಿಯ ಮೇಲ್ತುದಿಗೆ ತರಬೇಕು. ಅದಕ್ಕೆ ರಿಬ್ಬನ್ ಕತ್ತರಿಸಲು ಯಾರೂ ಬರಲಾರರು, ಅದೇ ಅದರ ದುರದೃಷ್ಟ.

ಹತ್ತಿಸುವ ಸ್ಥಳವೂ ಲೆಕ್ಕದೊಳಗೇ. ಕಂಡಕ್ಟರ್ ಬಾಗಿಲಲ್ಲಿ ಟಿಕೆಟ್ ಹರಿಯುತ್ತ ನಿಂತರೆ ಒಂದು ಬಸ್ಸು ತುಂಬಲು ಹತ್ತು ನಿಮಿಷ. ಟಿಕೆಟ್ ಇಲ್ಲದೆ ಎರಡೂ ಬಾಗಿಲಿನಿಂದ ಹತ್ತಿಸಿದರೆ ನಾಲ್ಕು. ನಾಲ್ಕು ಬಸ್ಸು ಒಟ್ಟಿಗೆ ನಿಲ್ಲುವ ಜಾಗದಲ್ಲಿ 25 ಬಸ್ಸು ತುಂಬಲು ಮೊದಲನೆಯದರಲ್ಲಿ ಒಂದು ಗಂಟೆಗೂ ಮೇಲೆ, ಎರಡನೆಯದರಲ್ಲಿ ಅರ್ಧ ಗಂಟೆಯೊಳಗೆ. ಕುಂಬಳೆ ನಿಲ್ದಾಣ ಹೆದ್ದಾರಿಯ ಮಗ್ಗುಲಲ್ಲೇ ಇರುವುದು ಅನುಕೂಲ. ಉಳ್ಳಾಲದಲ್ಲಿ ನಿಲ್ದಾಣದಿಂದ ಹೆದ್ದಾರಿಗೆ ಬರುವುದು ಊರೊಳಗಿನ ರಸ್ತೆಯಲ್ಲಿ. 29 ಬಸ್ಸು ಅಲ್ಲಿ ಎದುರುಬದುರಾದರೆ ತಾನೇ ಒಂದು ಅಡಚಣೆ. ಹಾಗಾಗಿ ಬಸ್ಸುಗಳನ್ನು ಹೆದ್ದಾರಿಯ ತೊಕ್ಕೊಟ್ಟಿನಲ್ಲಿ ನಿಲ್ಲಿಸಿ ನಾಲ್ಕೈದರಂತೆ ಒಳಗೆ ಬಿಡಬೇಕು, ಬರುವ ದಾರಿ ಒಂದು, ಹೋಗುವ ದಾರಿ ಇನ್ನೊಂದು. ಇದಕ್ಕೆ ಪೊಲೀಸರಿಬ್ಬರು ಮತ್ತು ಕೈಯಲ್ಲಿ ನಕ್ಷೆ ಹಿಡಿದ ಒಬ್ಬ ಟ್ರಾಫಿಕ್ ಇನ್ಸ್‌ಪೆಕ್ಟರ್ ಸಾಕು, ಆದರೆ ನಕ್ಷೆ ಮುಂಚೆಯೇ ಬರೆದಿರಬೇಕು.

ತಲಪಾಡಿ–ಚೆಂಗಳ ನಡುವಿನ 39 ಕಿ.ಮೀ. ಆರು ಪಥವಾದ ಮೇಲೆ ಬಸ್ಸು ಬೇಗ ಹೋಗಬಹುದಲ್ಲ ಎಂದರೆ, ಅರ್ಧ ಸತ್ಯ. ಬಸ್ ನಿಲ್ದಾಣಗಳಿರುವುದು ಸರ್ವಿಸ್ ರಸ್ತೆಯಲ್ಲಿ. ನಿಲ್ಲುತ್ತ ಹೋಗುವ ಬಸ್ಸಿಗೆ ಆರು ಪಥದ ಲಾಭ ಹೆಚ್ಚಿಲ್ಲ. ಬದಲಿ ಬಸ್ಸು ಮಾತ್ರ ನಡುವೆ ಎಲ್ಲೂ ನಿಲ್ಲದೆ ಮುಖ್ಯ ಪಥ ಹಿಡಿಯಬಹುದು. ತಲಪಾಡಿ ಟೋಲ್‌ನಲ್ಲಿ ಅವಕ್ಕೆ ಒಂದು ಪಥ ತೆರವಾಗಿರಬೇಕು.

ಬಸ್ಸೇ ಬೇಡದ ಸಂದರ್ಭವೂ ಇದೆ. ತೊಂದರೆ ಒಂದೂವರೆ ಗಂಟೆಯೊಳಗೆ ಸರಿಹೋಗುವಂಥದ್ದಾದರೆ, ಬಸ್ಸು ಕರೆಸಿ, ಸಾಲು ನಿಲ್ಲಿಸಿ, ಹತ್ತಿಸಿ ಹೊರಡಿಸುವಷ್ಟರಲ್ಲಿ ರೈಲೇ ಹೊರಟಿರುತ್ತದೆ. ಆಗ ಬೇಕಾದದ್ದು ಎರಡೇ: ಎಷ್ಟು ಹೊತ್ತಾಗಬಹುದೆಂಬ ಪ್ರಾಮಾಣಿಕ ಅಂದಾಜು, ಮತ್ತು ಕೈಯಲ್ಲಿರುವ ರೈಲು ಟಿಕೆಟಿನಲ್ಲೇ ಮಾಮೂಲು ಬಸ್ಸು ಹತ್ತುವ ಅವಕಾಶ. ಲಂಡನ್ನಿನಲ್ಲಿ ಟ್ಯೂಬ್ ನಿಂತರೆ ಆ ಟಿಕೆಟು ಬಸ್ಸಿನಲ್ಲಿ ನಡೆಯುತ್ತದೆಂದು ಧ್ವನಿವರ್ಧಕದಲ್ಲಿ ಸಾರುತ್ತಾರೆ. ನಮ್ಮಲ್ಲಿ ಮೂರು ಗಂಟೆಗಿಂತ ತಡವಾದರೆ, ಪ್ರಯಾಣ ಬಿಟ್ಟು ಕೇಳಿಕೊಂಡ ಕಾದಿರಿಸಿದ ಟಿಕೆಟಿನವರಿಗೆ ಪೂರ್ತಿ ಹಣ ಮರಳುತ್ತದೆ. ಸೀಸನ್ ಟಿಕೆಟಿನವರಿಗೆ ಬಸ್ಸಿನಲ್ಲಿ ಅದು ಬರೇ ಕಾಗದ, ತಿಂಗಳ ಹಣವೂ ಕೊಟ್ಟು ಬಸ್ಸಿಗೂ ಕೊಡಬೇಕು. ತೊಂದರೆ ಎರಡು ಗಂಟೆ ದಾಟಿ ಅರ್ಧ ದಿನದವರೆಗೆ ಹೋಗುವಂತಿದ್ದರೆ ಮಾತ್ರ ಬದಲಿ ಬಸ್ಸು ಸರಿಯಾದ ಮದ್ದು. ದಿನಗಟ್ಟಲೆಯದ್ದಾದರೆ ಅದಕ್ಕೆ ಬೇರೆ ವೇಳಾಪಟ್ಟಿಯೇ ಬೇಕು. ಕೊಂಕಣ ರೈಲ್ವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ್ದೇ ನಿಧಾನದ ವೇಳಾಪಟ್ಟಿ ಇಟ್ಟುಕೊಳ್ಳುತ್ತದಲ್ಲ, ಹಾಗೆ.

ತಲಪಾಡಿಯ ಕಾಗದ

ಕಾಸರಗೋಡಿನಲ್ಲಿ ಖಾಸಗಿ ಬಸ್ಸಿಗೆ ಬರವಿಲ್ಲ, ಮಂಗಳೂರಿನಲ್ಲಂತೂ ಇಲ್ಲವೇ ಇಲ್ಲ. ಆದರೆ ಕಾಸರಗೋಡಿನ ಖಾಸಗಿ ಬಸ್ಸು ತಲಪಾಡಿಗೆ ಬಂದು ತಿರುಗುತ್ತದೆ, ಮಂಗಳೂರಿನ ಸಿಟಿ ಬಸ್ಸು ಆಚೆಯಿಂದ ಬಂದು ತಿರುಗುತ್ತದೆ. ಗಡಿ ದಾಟಿ ನೇರ ಓಡುವುದು ಎರಡು ರಾಜ್ಯಗಳ ಸಾರಿಗೆ ನಿಗಮಗಳ ಬಸ್ಸುಗಳು, ಅವೂ ಎರಡು ರಾಜ್ಯಗಳ ಒಪ್ಪಂದದಂತೆ ಇಷ್ಟು ಗಾಡಿ, ಇಷ್ಟು ಟ್ರಿಪ್ ಎಂಬ ಲೆಕ್ಕದಲ್ಲಿ. ರೈಲು ನಿಂತ ಬೆಳಗ್ಗೆ ಡಿಪೋ ಮ್ಯಾನೇಜರ್ ತನ್ನಿಷ್ಟಕ್ಕೆ ಇನ್ನಿಪ್ಪತ್ತು ಬಸ್ಸು ಗಡಿ ದಾಟಿಸಲಾರ. ತುರ್ತಿನಲ್ಲಿ ಕಣ್ಣುಮುಚ್ಚಿ ಬಿಡುತ್ತಾರೆ ಎಂದು ನಂಬಿ ಕೂರಬಾರದು. ಪರ್ಮಿಟ್ ಇಲ್ಲದ ದಾರಿಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೇ ಪರ್ಮಿಟ್.

ಕಾನೂನಿನಲ್ಲೇ ದಾರಿಯಿದೆ. 1988ರ ಮೋಟಾರು ವಾಹನ ಕಾಯ್ದೆಯ 87ನೇ ಕಲಂ ತಾತ್ಕಾಲಿಕ ಅಗತ್ಯಕ್ಕೆ ನಾಲ್ಕು ತಿಂಗಳು ಮೀರದ ತಾತ್ಕಾಲಿಕ ಪರ್ಮಿಟ್ ಕೊಡಬಹುದು ಎನ್ನುತ್ತದೆ. 88ನೇ ಕಲಮಿನ 7ನೇ ಉಪಕಲಂ ಪ್ರಕಾರ, ಅಂಥ ಪರ್ಮಿಟ್ ಪಕ್ಕದ ರಾಜ್ಯದಲ್ಲೂ ನಡೆಯುವಂತೆ ಅಲ್ಲಿನ ಪ್ರಾಧಿಕಾರದ ಸಮ್ಮತಿಯೊಂದಿಗೆ ಕೊಡಬಹುದು, ಆ ಸಮ್ಮತಿ ಪ್ರತಿಸಲದ್ದು ಆಗಬಹುದು ಅಥವಾ ಸಾಮಾನ್ಯ ಸಮ್ಮತಿಯೂ ಆಗಬಹುದು. ಈ ‘ಸಾಮಾನ್ಯ’ ಎಂಬುದೇ ನಮಗೆ ಬೇಕಾದದ್ದು. ‘ಕಾಸರಗೋಡು–ಮಂಗಳೂರು ನಡುವೆ ರೈಲು ಎರಡು ಗಂಟೆಗಿಂತ ಹೆಚ್ಚು ಹೊತ್ತು ನಿಂತಿದೆ ಎಂದು ರೈಲ್ವೆ ಲಿಖಿತವಾಗಿ ತಿಳಿಸಿದರೆ, ಪಟ್ಟಿಯಲ್ಲಿರುವ ಬಸ್ಸುಗಳು 24 ಗಂಟೆ ತಲಪಾಡಿ ದಾಟಬಹುದು’ ಎಂಬರ್ಥದ ಸಮ್ಮತಿಯನ್ನು ಕಾಸರಗೋಡು ಮತ್ತು ಮಂಗಳೂರಿನ ಸಾರಿಗೆ ಪ್ರಾಧಿಕಾರಗಳು ಮಳೆಗಾಲಕ್ಕೆ ಮುಂಚೆ ಕೊಟ್ಟುಕೊಂಡು ಇಟ್ಟುಕೊಳ್ಳಬೇಕು. ವಾಹನಗಳ ಪಟ್ಟಿ, ಫಿಟ್ನೆಸ್, ವಿಮೆ, ಚಾಲಕರ ಫೋನು ಸಂಖ್ಯೆ ಎಲ್ಲ ಅದರ ಜೊತೆಗೆ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ವಾಹನ ವಶಪಡಿಸಿಕೊಳ್ಳಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಗುಡ್ಡ ಜರಿದು ಊರು ಮುಳುಗಿದರೆ ಸರಿ, ತಂತಿ ಹರಿದದ್ದಕ್ಕೆ ಆ ಅಸ್ತ್ರ ತೆಗೆಯುವುದು ಅತಿಯಾಯಿತು. ಜಿಲ್ಲಾಧಿಕಾರಿಯ ಆದೇಶ ಗಡಿಯವರೆಗೆ ಮಾತ್ರ ಎಂಬುದೂ ಇದೆ.

ಇಷ್ಟು ಕಾಗದದ ಮಾತು ಯಾಕೆಂದರೆ ಗಡಿ ಮುಚ್ಚಿದರೆ ಏನಾಗುತ್ತದೆಂದು ಈ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಜೀವ ಹೋದವು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. 2021ರ ಆಗಸ್ಟ್‌ನಲ್ಲಿ ಮತ್ತೆ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾದಾಗ ಬಸ್ಸು ಇತ್ತ ಗಡಿಗೆ ಬಂದು ನಿಂತಿತು, ಜನ ನಡೆದು ದಾಟಿ ಅತ್ತಲಿನ ಬಸ್ಸು ಹಿಡಿದರು. ಅದು ಹೊಟ್ಟೆಪಾಡಿನ ಏರ್ಪಾಡು. ಆದರೂ ಅದರಲ್ಲೊಂದು ಉಪಯೋಗದ ಸುಳಿವಿದೆ: ಪರ್ಮಿಟ್ ಒಪ್ಪಂದ ಆಗುವವರೆಗೂ ತಲಪಾಡಿಯಲ್ಲಿ ಬಸ್ಸು ಬದಲಾಯಿಸುವ ಕ್ರಮವನ್ನು ನೆಟ್ಟಗೆ ಮಾಡಬಹುದು. ಎರಡೂ ಕಡೆಯ ಖಾಸಗಿ ಬಸ್ಸು ಗಡಿ ದಾಟದೆ ಎದುರುಬದುರು ನಿಲ್ಲಲು ಮೇಲ್ಛಾವಣಿಯ ಜಾಗ, ನಡೆದು ದಾಟಲು ಹೆದ್ದಾರಿಯ ಅಡಿಯಿಂದಲೋ ಮೇಲಿನಿಂದಲೋ ಸುರಕ್ಷಿತ ದಾರಿ. ಆರು ಪಥವನ್ನು ಮಳೆಯಲ್ಲಿ ಓಡಿ ದಾಟುವುದು ವ್ಯವಸ್ಥೆಯಲ್ಲ.

ಒಂದೇ ನದಿ

ಹಳಿಯೂ ಹೆದ್ದಾರಿಯೂ ನೇತ್ರಾವತಿಯನ್ನು ದಾಟುವುದು ಒಂದರ ಪಕ್ಕ ಒಂದಾಗಿ, ಉಳ್ಳಾಲ ಮತ್ತು ಜೆಪ್ಪಿನಮೊಗರಿನ ನಡುವೆ. ನದಿ ದಾಟಿದ ಮೇಲೆ ನೇತ್ರಾವತಿ ಕ್ಯಾಬಿನ್‌ನಲ್ಲಿ ಹಳಿ ಕವಲೊಡೆದು ಒಂದು ಸೆಂಟ್ರಲ್‌ಗೆ, ಇನ್ನೊಂದು ಊರಿನ ಎರಡನೇ ನಿಲ್ದಾಣವಾದ ಮಂಗಳೂರು ಜಂಕ್ಷನ್‌ಗೆ ಹೋಗುತ್ತದೆ. ಇದು ನಮಗಿರುವ ಒಂದು ಸಿದ್ಧ ಬದಲಿ. ಸೆಂಟ್ರಲ್ ಯಾರ್ಡಿನಲ್ಲಿ ಪಾಯಿಂಟ್ ಕೆಟ್ಟರೆ ಗಾಡಿಯನ್ನು ಹೊರಗೆ ನಿಲ್ಲಿಸುವ ಬದಲು ಜಂಕ್ಷನ್‌ಗೆ ಕಳಿಸಬಹುದು, ಅಲ್ಲಿಂದ ಹಂಪನಕಟ್ಟೆಗೆ ಸಿಟಿ ಬಸ್ಸಿದೆ. ಆದರೆ ಯಾವಾಗ ಕಳಿಸುವುದು ಎಂಬುದು ಆ ಹೊತ್ತಿನ ಕಂಟ್ರೋಲರ್ ಮರ್ಜಿಗೆ ಬಿಟ್ಟದ್ದಾಗಬಾರದು. ಇಪ್ಪತ್ತು ನಿಮಿಷ ದಾಟಿದರೆ ಜಂಕ್ಷನ್ ಎಂದು ನಿಗದಿಯಾಗಬೇಕು.

ಸೇತುವೆಯೇ ಹೋದರೆ ಸೆಂಟ್ರಲ್, ಜಂಕ್ಷನ್ ಎರಡೂ ಒಟ್ಟಿಗೆ ಕೈತಪ್ಪುತ್ತವೆ. ಹೆದ್ದಾರಿ ಸೇತುವೆಯ ಮೇಲೆ ಒಂದು ಟ್ಯಾಂಕರ್ ಅಡ್ಡ ಬಿದ್ದರೆ ಬದಲಿ ಬಸ್ಸೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲ್ಗಡೆ ಹರೇಕಳ–ಅಡ್ಯಾರ್ ಕಿಂಡಿ ಅಣೆಕಟ್ಟಿನ ಮೇಲಿನ ದಾರಿಯಿದೆ, ಅದು ಸಣ್ಣ ವಾಹನಗಳಿಗೆ ಸರಿ, ಬಸ್ಸಿನ ಸಾಲಿಗಲ್ಲ. ಅದೂ ಬಿಟ್ಟರೆ ಪಾಣೆಮಂಗಳೂರಿನ ಸೇತುವೆ. ಹಾಗಾಗಿ ಕಾಸರಗೋಡು ಜಿಲ್ಲೆಯ ಪೂರ್ವಭಾಗದವರನ್ನು ಮೊದಲೇ ಹೆದ್ದಾರಿಗೆ ಇಳಿಯದಂತೆ ತಡೆಯುವುದು ಜಾಣತನ. ಬದಿಯಡ್ಕ, ಪೆರ್ಲದವರಿಗೆ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ವಿಟ್ಲದ ಮೂಲಕ ಹೋಗುವ ದಾರಿಯಿದೆ. ಮುಳ್ಳೇರಿಯದವರಿಗೆ ಚೆರ್ಕಳ–ಜಾಲ್ಸೂರು. ದೂರ ಹೆಚ್ಚು, ತಿರುವು ಹೆಚ್ಚು, ಆದರೆ ಕುಂಬಳೆಗೆ ಇಳಿದು ಇಲ್ಲದ ರೈಲಿಗೆ ಕಾಯುವುದಕ್ಕಿಂತ ಮೇಲು. ಅವರಿಗೆ ರೈಲು ನಿಂತ ಸುದ್ದಿ ಮನೆ ಬಿಡುವ ಮುಂಚೆ ಸಿಗಬೇಕು, ಅಷ್ಟೆ.

ಸುದ್ದಿ ಯಾವ ಭಾಷೆಯಲ್ಲಿ ಎಂಬುದು ಇಲ್ಲಿ ಬರೇ ಅಭಿಮಾನದ ಪ್ರಶ್ನೆಯಲ್ಲ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು, ಕನ್ನಡ ಮಾಧ್ಯಮದ ಮಕ್ಕಳು ಬಹಳ ಮಂದಿ. ಗಾಡಿ ಇಂಥ ನಿಲ್ದಾಣದಲ್ಲಿ ನಿಲ್ಲುತ್ತದೆ, ಬಸ್ಸು ಇಂಥ ಬಾಗಿಲ ಹೊರಗೆ, ಟಿಕೆಟ್ ಬೇಡ ಎಂಬ ಮೂರು ವಾಕ್ಯಗಳನ್ನು ಮಲಯಾಳ, ಕನ್ನಡ ಎರಡರಲ್ಲೂ ಮೊದಲೇ ಧ್ವನಿಮುದ್ರಿಸಿ, ನಿಲ್ದಾಣದ ಹೆಸರು ಮಾತ್ರ ಬದಲಾಗುವಂತೆ ಇಟ್ಟುಕೊಳ್ಳುವುದು ಕಷ್ಟವಲ್ಲ.

ದುಡ್ಡಿನ ವಿಷಯ ಕೊನೆಗೆ ಬಂದರೂ ಎಲ್ಲವೂ ಅಲ್ಲೇ ನಿಲ್ಲುವುದು. ಬದಲಿ ಸಾಮರ್ಥ್ಯ ಎಂದರೆ ಕೆಲಸವಿಲ್ಲದೆ ನಿಂತ 29 ಬಸ್ಸು ಎಂದು ಯಾವ ನಿಗಮವೂ ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಕಾಸರಗೋಡು, ಮಂಗಳೂರಿನ ಡಿಪೋಗಳಲ್ಲಿ ದುರಸ್ತಿ ಮುಗಿದು ಟ್ರಿಪ್ಪಿಗೆ ಕಾಯುವ ನಾಲ್ಕೈದು ಬಸ್ಸು, ಬೆಳಗಿನ ಮಕ್ಕಳನ್ನು ಬಿಟ್ಟು ಒಂಬತ್ತೂವರೆಗೆ ಖಾಲಿಯಾಗುವ ಶಾಲೆ–ಕಾಲೇಜುಗಳ ಬಸ್ಸು, ಮದುವೆ ಇಲ್ಲದ ದಿನ ನಿಂತಿರುವ ಟೂರಿಸ್ಟ್ ಬಸ್ಸು ಸೇರಿದರೆ ಸಂಖ್ಯೆ ಕೂಡುತ್ತದೆ. ಕಿ.ಮೀ.ಗೆ ಇಷ್ಟು, ಬಂದು ನಿಂತದ್ದಕ್ಕೆ ಇಷ್ಟು ಎಂದು ದರ ಮೊದಲೇ ಗೊತ್ತಾಗಿರಬೇಕು. ಅದನ್ನು ಕೊಡಬೇಕಾದದ್ದು ರೈಲ್ವೆ, ಏಕೆಂದರೆ ಟಿಕೆಟಿನ ಹಣ ಅದರ ಕೈಯಲ್ಲಿದೆ. ಬಿಲ್ಲು ಪಾಸಾಗಲು ವರ್ಷ ಹಿಡಿದರೆ ಎರಡನೇ ಸಲ ಕರೆದಾಗ ಖಾಸಗಿಯವರು ಫೋನು ಎತ್ತುವುದಿಲ್ಲ. ಆದ್ದರಿಂದ ಜಿಲ್ಲಾ ಮಟ್ಟದಲ್ಲೊಂದು ಸಣ್ಣ ಮುಂಗಡ ನಿಧಿ, 15 ದಿನದಲ್ಲಿ ಪಾವತಿ ಎಂಬ ಷರತ್ತು ಬೇಕು. ಮೊದಲ ಎರಡು ಬಸ್ಸು ದೇರಳಕಟ್ಟೆಯ ಆಸ್ಪತ್ರೆಗಳಿಗೆ ಮತ್ತು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಕಡೆಗೆ ಹೋಗುವ ರೋಗಿಗಳಿಗೆಂದು ಮೀಸಲಿಡಬೇಕು. ಡಯಾಲಿಸಿಸ್‌ಗೆ ಸಮಯ ಪಡೆದವರು, ಕೀಮೋಗೆ ಹೊರಟವರು 25 ಬಸ್ಸಿನ ನೂಕುನುಗ್ಗಲಿನಲ್ಲಿ ಹತ್ತಲಾರರು.